ತಮ್ಮನ ಭಾನುವಾರದ ಕ್ಯಾಸೆಟ್ಟುಗಳು

ಆ ಶನಿವಾರ ಸಂಜೆ ನಾನು ಹಿತಕಬೇಳೆ ಸಾರಿಗೆಂದು ನೆನೆಸಿಟ್ಟ ಅವರೆಕಾಳಿನ ಸಿಪ್ಪೆ ಬಿಡಿಸುತ್ತಾ ಕೂತಿದ್ದೆ. ಫ್ಯಾಕ್ಟರಿಯಿಂದ ಬಂದ ತಮ್ಮ ಕೈಕಾಲು ತೊಳೆದುಕೊಂಡು, ಅರ್ಧ ಲೋಟ ಕಾಫಿ ಕುಡಿದು, ಕಿಟಕಿಗಳನ್ನೆಲ್ಲ ಮುಚ್ಚಿ ಫ್ಯಾನು ಆರಿಸಿದ. ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಅದರ ಮೇಲೆ ಟೇಪ್‌ರೆಕಾರ್ಡರ್ ಇಟ್ಟ. ಕಂಬಳಿ ಇಲ್ಲದಿದ್ದರೆ ಮೇಜು ಗುಂಯ್‌ಗುಡುತ್ತದೆ ಎಂದು ಅವನ ದೂರು. ನಾನು ಕೈ ಒರೆಸಿಕೊಂಡು ಹೋಗಿ ನನ್ನ ಜಾಗದಲ್ಲಿ ಕೂತೆ. ಪ್ರತಿ ಶನಿವಾರ ಹೇಗೋ ಹಾಗೆ. ಆ ದಿನಕ್ಕೆ ಬೇರೆ ವಿಶೇಷ ಇರಲಿಲ್ಲ.

ತಮ್ಮ ಮಿಮಿಕ್ರಿ ಮಾಡುತ್ತಿದ್ದ. ವಾರಕ್ಕೆ ಆರು ದಿನ ರಾಜಾಜಿನಗರದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಒಂದು ಆರ್ಕೆಸ್ಟ್ರಾ ತಂಡದ ಜೊತೆ ಕಾರ್ಯಕ್ರಮ. ಎರಡು ಹಾಡುಗಳ ನಡುವೆ ಹಾಡುವವರು ನೀರು ಕುಡಿದು ಸುಧಾರಿಸಿಕೊಳ್ಳುವಷ್ಟು ಹೊತ್ತು ಇವನು ಜನರನ್ನು ನಗಿಸಬೇಕು. ಸಿನಿಮಾದವರ ಧ್ವನಿಯನ್ನು ಎಲ್ಲರೂ ಮಾಡುತ್ತಾರೆ ಎಂದು ಅವನಿಗೆ ಅದರಲ್ಲಿ ಅಷ್ಟು ಆಸೆ ಇರಲಿಲ್ಲ. ಅವನಿಗೆ ಬೇಕಾದದ್ದು ನಮ್ಮ ಬೀದಿಯವರ ಧ್ವನಿ. ಸೊಪ್ಪಿನವಳು, ಗ್ಯಾಸ್ ಸಿಲಿಂಡರ್ ತರುವವನು, ಮೂಲೆಮನೆಯ ದಮ್ಮಿನ ಗೌಡಜ್ಜ, ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಗದಗಿನವರು. ಒಬ್ಬರ ಧ್ವನಿ ಹಿಡಿಯಲು ಕೆಲವೊಮ್ಮೆ ಒಂದು ತಿಂಗಳು ಅವರ ಹಿಂದೆಯೇ ಸುತ್ತುತ್ತಿದ್ದ.

ನಮ್ಮ ಮನೆ ಅತ್ತಿಗುಪ್ಪೆಯಲ್ಲಿ, ಹಳೆಯ ಊರು ಇದ್ದ ಕಡೆ. ಹೊಲಗಳೆಲ್ಲ ಲೇಔಟ್ ಆದ ಮೇಲೂ ಆ ನಾಲ್ಕು ಬೀದಿ ಹಾಗೇ ಉಳಿದಿವೆ. ಎದುರಿಗೆ ಒಂದು ಸಲೂನು. ಅದನ್ನು ನಡೆಸುವವನು ತಮ್ಮನ ಜೊತೆ ಶಾಲೆಗೆ ಹೋದವನು. ಭಾನುವಾರ ಬೆಳಿಗ್ಗೆ ಅಲ್ಲಿ ಬೆಂಚು ಸಾಲದೆ ಗಂಡಸರು ಕಟ್ಟೆಯ ಮೇಲೂ ಕೂತಿರುತ್ತಿದ್ದರು. ಒಮ್ಮೆ ಸಲೂನಿನ ರೇಡಿಯೋ ಕೆಟ್ಟಾಗ ತಮ್ಮ ಹುಡುಗಾಟಕ್ಕೆಂದು ಒಂದು ಕ್ಯಾಸೆಟ್ ಮಾಡಿಕೊಟ್ಟ. ಅದೇ ವಾಡಿಕೆಯಾಗಿ ಬೆಳೆಯಿತು. ಈ ವಾರ ನಾನು ಏನು ಕಲಿತೆ, ಎಲ್ಲಿ ಕಾರ್ಯಕ್ರಮ ಕೊಟ್ಟೆ, ಎಲ್ಲಿ ಜನ ನಗಲಿಲ್ಲ ಎಂದು ಮೊದಲು ಒಪ್ಪಿಸುತ್ತಿದ್ದ. ಆಮೇಲೆ ಬರುವ ವಾರ ನೀವು ಏನು ನೋಡಬೇಕು, ಏನು ಕೇಳಬೇಕು, ಏನು ಓದಬೇಕು ಎಂದು ಹೇಳುತ್ತಿದ್ದ. ಎಲ್ಲ ಸೇರಿ ಹದಿನೈದು ನಿಮಿಷ. ಆದರೆ ಒಂದು ಮಾತನ್ನೂ ತನ್ನ ಧ್ವನಿಯಲ್ಲಿ ಹೇಳುವ ಹಾಗಿಲ್ಲ. ಅದು ಆಟದ ನಿಯಮ. ಒಂದೊಂದು ಸುದ್ದಿಗೂ ಒಬ್ಬೊಬ್ಬರ ಧ್ವನಿ. ಯಾರದು ಎಂದು ಕೂತವರು ಗುರುತಿಸಬೇಕು. ತಮಾಷೆ ಎಂದರೆ ಯಾರ ಧ್ವನಿಯೋ ಅವರಿಗೆ ಮಾತ್ರ ಕೊನೆಯವರೆಗೂ ಗೊತ್ತಾಗುತ್ತಿರಲಿಲ್ಲ. ಗೌಡಜ್ಜ ಒಂದು ಸಲ ತಮ್ಮದೇ ಧ್ವನಿ ಕೇಳಿ, ಯಾವನಯ್ಯಾ ಇವನು, ಇಷ್ಟು ಕೊರೀತಾನೆ ಎಂದರಂತೆ. ಅದನ್ನು ಹೇಳಿ ಹೇಳಿ ಒಂದು ತಿಂಗಳು ನಕ್ಕರು.

ಅವನು ಹೇಳಿದ್ದನ್ನು ನೋಡಿದವರು, ಕೇಳಿದವರು ಮುಂದಿನ ಭಾನುವಾರ ಬಂದು ಹೇಗಿತ್ತು ಎಂದು ಹೇಳಬೇಕು. ಆ ಅಭಿಪ್ರಾಯವನ್ನು ತಮ್ಮ ಅವರದೇ ಧ್ವನಿ ಮಾಡಿ ಅದರ ಮುಂದಿನ ಕ್ಯಾಸೆಟ್ಟಿಗೆ ಸೇರಿಸುತ್ತಿದ್ದ.

ನನ್ನ ಕೆಲಸ ಒಂದು ಗುಂಡಿಯದು. ರೆಕಾರ್ಡ್ ಗುಂಡಿ ಮೊದಲೇ ಒತ್ತಿಟ್ಟು, ಟೇಪನ್ನು ತಡೆದು ನಿಲ್ಲಿಸುವ ಪಾಸ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂರುವುದು. ತಮ್ಮ ಮೊದಲು ತನ್ನ ಮಾತಿನಲ್ಲಿ, ಅಕ್ಕ, ಈಗ ಗೌಡಜ್ಜ, ಆಮೇಲೆ ಸೊಪ್ಪಿನವಳು ಎಂದು ಹೇಳುತ್ತಿದ್ದ. ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಎರಡು ಬೆರಳಿನಿಂದ ತೊಡೆ ತಟ್ಟಿದಾಗ ನಾನು ಟೇಪು ಓಡಲು ಬಿಡಬೇಕು. ಮುಷ್ಟಿ ಹಿಡಿದಾಗ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಅವನು ನಗುತ್ತಿದ್ದ, ಕೆಮ್ಮುತ್ತಿದ್ದ, ಅಯ್ಯೋ ಅದು ಸರಿ ಬರಲಿಲ್ಲ ಎಂದು ಗೊಣಗುತ್ತಿದ್ದ. ಅದ್ಯಾವುದೂ ಕ್ಯಾಸೆಟ್ಟಿಗೆ ಹೋಗುತ್ತಿರಲಿಲ್ಲ. ನಾನು ವಿಜಯನಗರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ರಿಜಿಸ್ಟರಿನಲ್ಲಿ ಒಂದು ಗೀಟು ವಾರೆಯಾದರೆ ಇನ್ನೊಂದು ಹಾಳೆ ತೆಗೆದುಕೊಳ್ಳುವವಳು. ಇದರಲ್ಲೂ ಹಾಗೇ.

ಆ ಶನಿವಾರ ಅವನು ಹೊಸದೊಂದು ಧ್ವನಿ ತಂದಿದ್ದ. ಕೆಲವು ತಿಂಗಳ ಹಿಂದೆ ಮೊಬೈಲ್ ಕೊಂಡಿದ್ದ. ಅದರಲ್ಲಿ ಸಿಗ್ನಲ್ ಇಲ್ಲದವರಿಗೆ ಫೋನ್ ಮಾಡಿದರೆ ಒಬ್ಬ ಹೆಂಗಸು ಮಾತಾಡುತ್ತಾಳಲ್ಲ, ಆ ಧ್ವನಿ. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ. ಗಂಡಸಿನ ಗಂಟಲಿನಿಂದ ಅದು ಹೇಗೆ ಬಂತೋ ಗೊತ್ತಿಲ್ಲ. ಆ ಹೆಂಗಸಿಗೆ ಕೋಪವಿಲ್ಲ, ಸಂತೋಷವಿಲ್ಲ, ಅದೇ ಕಷ್ಟ ಅಕ್ಕ, ಎಲ್ಲರಿಗೂ ಏನಾದರೊಂದು ಇರುತ್ತೆ, ಇವಳಿಗೆ ಏನೂ ಇಲ್ಲ ಎಂದ. ಮೂರು ವಾರ ಹಿಡಿಯಿತಂತೆ.

ಆ ವಾರದ ಶಿಫಾರಸುಗಳು ಮೂರು. ಗುರುವಾರ ಸಂಜೆ ರೇಡಿಯೋದಲ್ಲಿ ಒಂದು ನಾಟಕದ ಮರುಪ್ರಸಾರ ಇದೆ, ಅದರ ನಡುವೆ ಒಂದು ಕಡೆ ಯಾರೂ ಮಾತಾಡುವುದಿಲ್ಲ, ರೇಡಿಯೋ ಕೆಟ್ಟಿತು ಎಂದು ಅದರ ತಲೆಗೆ ಬಡಿಯಬೇಡಿ, ಅದನ್ನೇ ಕೇಳಿ. ಇದು ಗೌಡಜ್ಜನ ಧ್ವನಿಯಲ್ಲಿ. ಸಂಜೆಯ ಧಾರಾವಾಹಿಯನ್ನು ಒಂದು ದಿನ ಸೌಂಡ್ ಪೂರ್ತಿ ಕಡಿಮೆ ಮಾಡಿ ನೋಡಿ, ಅತ್ತೆಯ ಹುಬ್ಬು ಮಾತ್ರ ನೋಡಿ, ಕಥೆ ಗೊತ್ತಾಗುತ್ತೆ. ಇದು ಸೊಪ್ಪಿನವಳದು. ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ನೀಲಿ ರಟ್ಟಿನ ಒಂದು ಪತ್ತೇದಾರಿ ಕಾದಂಬರಿ ಇದೆ, ಕೊಲೆ ಮಾಡಿದವನು ಮೊದಲ ಪುಟದಲ್ಲೇ ಟೀ ಕುಡಿಯುತ್ತಾನೆ, ಯಾರೂ ನೋಡುವುದಿಲ್ಲ. ಇದನ್ನು ನನ್ನ ಧ್ವನಿಯಲ್ಲಿ ಹೇಳಿದ. ನನ್ನೆದುರಿಗೇ ಕೂತು, ನನ್ನನ್ನೇ ನೋಡುತ್ತಾ ಹೇಳಿದ. ನಾನು ಹಾಗೆ ಮೂಗಿನಿಂದ ಮಾತಾಡುವುದಿಲ್ಲ ಎಂದು ಜಗಳ ತೆಗೆದೆ. ಅವನು ನಕ್ಕ. ಅಷ್ಟು ಹೊತ್ತಿಗೆ ನಾನು ಪಾಸ್ ಒತ್ತಿಯಾಗಿತ್ತು.

ಭಾನುವಾರ ಬೆಳಿಗ್ಗೆ ಸಲೂನಿಗೆ ಕ್ಯಾಸೆಟ್ ಕೊಟ್ಟು, ಹಿತಕಬೇಳೆ ಸಾರಿನಲ್ಲಿ ಊಟ ಮಾಡಿ, ಹನ್ನೆರಡಕ್ಕೆ ಆರ್ಕೆಸ್ಟ್ರಾ ವ್ಯಾನಿನಲ್ಲಿ ಹೋದ. ಕೆಂಗೇರಿಯ ಕಡೆ ರಾಜ್ಯೋತ್ಸವದ ಕಾರ್ಯಕ್ರಮ. ನಮ್ಮಲ್ಲಿ ನವೆಂಬರಿನ ಹಬ್ಬ ಜನವರಿವರೆಗೂ ನಡೆಯುತ್ತದೆ. ಮಧ್ಯಾಹ್ನದ್ದು, ಏಳಕ್ಕೆಲ್ಲ ಮನೆಗೆ ಬರುತ್ತೇನೆ ಎಂದಿದ್ದ.

ಏಳೂವರೆಗೆ ಮನೆಯ ಫೋನಿನಿಂದ ಅವನ ಮೊಬೈಲಿಗೆ ಮಾಡಿದೆ. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಿತು.

"ಸಾಕು ನಿಲ್ಸೋ," ಎಂದೆ. "ಬರ್ತಾ ಹಾಲು ತಗೊಂಡ್ ಬಾ."

ಅದು ಮತ್ತೆ ಅದನ್ನೇ ಹೇಳಿತು. ಎಷ್ಟು ಚೆನ್ನಾಗಿ ಮಾಡುತ್ತಿದ್ದಾನೆ, ಎರಡು ಸಲವೂ ಒಂದೇ ತೂಕ ಎಂದುಕೊಂಡೆ. "ಆಯ್ತು ಕಣೋ, ಚೆನ್ನಾಗೇ ಬಂದಿದೆ. ಹಾಲು ಮರೀಬೇಡ," ಎಂದು ಇಟ್ಟೆ. ಇಡುವಾಗ ಅದು ಇಂಗ್ಲಿಷಿನಲ್ಲಿ ಶುರು ಮಾಡುತ್ತಿತ್ತು. ಅವನಿಗೆ ಇಂಗ್ಲಿಷ್ ಅಷ್ಟು ಬಾರದು ಎನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಅವನು ಐದೂವರೆಗೇ ಸ್ಟೇಜಿನ ಹಿಂದೆ ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತಂತೆ. ಮೂವತ್ತೆಂಟು ವಯಸ್ಸು. ತಂಡದವರಿಗೆ ಮನೆಯ ಫೋನ್ ನಂಬರ್ ಗೊತ್ತಿರಲಿಲ್ಲ. ಎಂಟು ಗಂಟೆಯ ಹೊತ್ತಿಗೆ ವ್ಯಾನು ಬಂತು. ಇಬ್ಬರು ಇಳಿದು ಗೇಟಿನ ಹತ್ತಿರವೇ ನಿಂತರು. ನಾನು ಹಾಲು ತಂದನೇ ಎಂದು ಕೇಳಿದೆ.

ಕಾರ್ಯಗಳನ್ನೆಲ್ಲ ದೊಡ್ಡಪ್ಪನ ಮಕ್ಕಳು ಮಾಡಿದರು. ಹನ್ನೊಂದನೆಯ ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋದರು, ಅಮ್ಮ ಹೋಗಿ ಆಗಲೇ ಮೂರು ವರ್ಷವಾಗಿತ್ತು. ನಾವಿಬ್ಬರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವವರೂ ಕೇಳುವುದನ್ನು ಬಿಟ್ಟಿದ್ದರು.

ಅದಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಮೆಟ್ಟಿಲಿನ ಕಡೆಯಿಂದ ಕೂಗು ಕೇಳಿಸಿತು.

"ಅಕ್ಕಾರ, ನಳದಾಗ ನೀರ್ ಬಂದಾವ್ರಿ."

"ಗೊತ್ತು ಕಣೋ, ನಿನ್ ನಾಟಕ ಸಾಕು," ಎಂದೆ. "ನೀನೇ ಹೋಗಿ ಹಿಡಿ."

ಹೊರಗೆ ಬಂದು ನೋಡಿದರೆ ಮಹಡಿಯ ಗದಗಿನವರು ಎರಡು ಕೊಡ ಹಿಡಿದು ನಿಂತಿದ್ದರು. ಅವರು ಕೊರಿಯರ್ ಹಂಚುವ ಕೆಲಸದವರು, ಎರಡು ಮಕ್ಕಳ ತಂದೆ. ಅವರ ಮುಖ ಬಿಳುಚಿತ್ತು. ನಾನು ಒಳಗೆ ಹೋದೆ. ಅಂದಿನಿಂದ ನೀರು ಬಂದರೆ ಅವರು ಕೂಗುತ್ತಿರಲಿಲ್ಲ. ಮೆಟ್ಟಿಲಿನ ಕಂಬಿಯನ್ನು ಕೊಡದಿಂದ ಎರಡು ಸಲ ಬಡಿಯುತ್ತಿದ್ದರು. ಒಂದು ದಿನ ಹೆಂಡತಿಯನ್ನು ಮುಂದೆ ಮಾಡಿಕೊಂಡು ಬಂದು, ತಲೆ ತಗ್ಗಿಸಿ, "ನಾ ಮಾತಾಡಿದ್ರ ನಿಮಗ ತ್ರಾಸ ಆಗ್ತೈತೇನ್ರಿ ಅಕ್ಕಾರ?" ಎಂದು ಕೇಳಿದರು. ಇಲ್ಲ ಎಂದೆ. ಆದರೆ ಅವರು ಅದನ್ನು ಕೇಳುವಾಗಲೂ, ತಮ್ಮ ಇದನ್ನು ಇನ್ನೂ ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದ ಎಂದು ನನಗೆ ಅನಿಸುತ್ತಿತ್ತು. ಎದುರಿಗೆ ಜೀವಂತ ನಿಂತವರೇ ನಕಲಿನ ಹಾಗೆ ಕಾಣುತ್ತಿದ್ದರು.

ಬೀದಿಯೂ ಹಾಗೇ ಆಯಿತು. ಸೊಪ್ಪಿನವಳು ಕೂಗಿದರೆ ಬಾಗಿಲಿಗೆ ಓಡುತ್ತಿದ್ದೆ. ಗ್ಯಾಸಿನವನು ಸಿಲಿಂಡರ್ ಬಡಿದು, ಮೇಡಂ ಬುಕ್ಕು ಎಂದರೆ ಬುಕ್ಕು ತರುವುದು ಬಿಟ್ಟು ಅವನ ಬಾಯಿಯನ್ನೇ ನೋಡುತ್ತಿದ್ದೆ. ಅವರೆಲ್ಲ ಅವನ ಗಂಟಲಿನಿಂದ ಎದ್ದು ಹೊರಗೆ ಓಡಾಡುತ್ತಿದ್ದಾರೆ ಅನಿಸುತ್ತಿತ್ತು.

ಅವನ ಕೊನೆಯ ಕ್ಯಾಸೆಟ್ಟಿನ ಶಿಫಾರಸುಗಳನ್ನು ನಾನು ಒಂದೊಂದಾಗಿ ಪಾಲಿಸಿದೆ. ಬೇರೆ ಏನು ಮಾಡಬೇಕೋ ತೋಚಲಿಲ್ಲ. ಗುರುವಾರದ ರೇಡಿಯೋ ನಾಟಕವನ್ನು ಅವನು ತೀರಿಕೊಂಡ ವಾರವೇ ಕೇಳಿದ್ದೆ, ಸೂತಕದ ಮನೆಯಲ್ಲಿ, ಹಿಂದಿನ ಕೋಣೆಯಲ್ಲಿ, ಸಣ್ಣ ಸೌಂಡಿನಲ್ಲಿ. ಯಾರಿಗೂ ಹೇಳಲಿಲ್ಲ. ನಾಟಕದ ನಡುವೆ ಅವನು ಹೇಳಿದ ಜಾಗ ಬಂತು. ಒಂದು ಬಾಗಿಲು ಹಾಕಿದ ಸದ್ದು, ಆಮೇಲೆ ಏನೂ ಇಲ್ಲ. ರೇಡಿಯೋದ ಸಣ್ಣ ಸೋ ಎನ್ನುವ ಸದ್ದು ಮಾತ್ರ. ಅದನ್ನೇ ಕೇಳಿ ಎಂದಿದ್ದನಲ್ಲ, ಕೇಳಿದೆ. ಕೇಳುತ್ತಾ, ಈಗ ಅವನು ಪಕ್ಕದಲ್ಲಿದ್ದರೆ ಏನು ಹೇಳುತ್ತಿದ್ದ ಎಂದು ಯೋಚಿಸಿದೆ. ಹೇಳುವ ಮಾತು ಗೊತ್ತಾಯಿತು. ಆದರೆ ಆ ಮಾತು ಮನಸ್ಸಿನಲ್ಲಿ ಗೌಡಜ್ಜನ ಧ್ವನಿಯಲ್ಲಿ ಬಂತು. ಅದನ್ನು ತಳ್ಳಿದೆ. ಗದಗಿನವರ ಧ್ವನಿ ಬಂತು. ಅದನ್ನೂ ತಳ್ಳಿದರೆ ಫೋನಿನ ಹೆಂಗಸು. ಒಬ್ಬರಾದ ಮೇಲೆ ಒಬ್ಬರು ಬಂದರು. ಅವನು ಮಾತ್ರ ಬರಲಿಲ್ಲ.

ಆಗ ಅದನ್ನು ದುಃಖದಲ್ಲಿ ಆಗುವ ಮರೆವು ಎಂದುಕೊಂಡೆ. ನಾಳೆ ಬಂದೀತು ಎಂದು ಬಿಟ್ಟೆ. ವಾರ ಕಳೆದರೂ ಬರಲಿಲ್ಲ. ಅವನ ಮುಖ, ಕೈಬೆರಳಿನ ಮೇಲಿನ ಕಬ್ಬಿಣದ ಕಲೆ, ನಡೆಯುವಾಗ ಎಡಗಾಲು ಸ್ವಲ್ಪ ಹೊರಗೆ ಹಾಕುವುದು, ಎಲ್ಲ ನೆನಪಿತ್ತು. ಮೂವತ್ತೆಂಟು ವರ್ಷ ದಿನಾ ಕೇಳಿದ ಧ್ವನಿ ನೆನಪಿರಲಿಲ್ಲ.

ಹನ್ನೊಂದು ದಿನವಾದ ಮೇಲಿನ ಭಾನುವಾರ ಸಲೂನಿನವನು ಬಂದು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ. ಕೊನೆಯ ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದ. ಅದನ್ನು ಅವನು ಆ ಭಾನುವಾರ ಬೆಳಿಗ್ಗೆ ಹಾಕಿದ್ದಷ್ಟೇ, ಆಮೇಲೆ ಮುಟ್ಟಿರಲಿಲ್ಲವಂತೆ. ಈಗ ಭಾನುವಾರ ಬೆಂಚಿನ ಮೇಲೆ ಯಾರೂ ಮಾತಾಡುವುದಿಲ್ಲ, ಕತ್ತರಿ ಸದ್ದೇ ಜೋರಾಗಿ ಕೇಳುತ್ತದೆ ಎಂದ.

"ಎಲ್ರೂ ಒಂದು ಕೇಳ್ತಾವ್ರೆ ಅಕ್ಕ," ಎಂದ. "ಅವ್ರದ್ದು ಇವ್ರದ್ದು ಧ್ವನಿ ಬೇಡ. ಅವ್ನೇ ಮಾತಾಡಿರೋದು ಒಂದಿದ್ರೆ ಕೊಡಿ. ಒಂದ್ಸಲ ಹಾಕಿ, ಆಮೇಲೆ ಟೇಪ್ ಹಾಕೋದೇ ನಿಲ್ಲಿಸ್ತೀನಿ."

"ಅದಕ್ಕೇನು, ಬೇಕಾದಷ್ಟಿದೆ," ಎಂದೆ. ನನಗೂ ಅದೇ ಬೇಕಿತ್ತು. ಇಷ್ಟು ದಿನ ನನಗೆ ಯಾಕೆ ಹೊಳೆಯಲಿಲ್ಲ ಎನಿಸಿತು. ಒಂದು ವಾಕ್ಯ ಕೇಳಿದರೆ ಸಾಕು, ಉಳಿದದ್ದೆಲ್ಲ ನೆನಪಿಗೆ ಬರುತ್ತದೆ.

ಎಷ್ಟೋ ವಾರದ ಕ್ಯಾಸೆಟ್ಟುಗಳ ಮೇಲೆ ಮುಂದಿನ ವಾರದ್ದನ್ನೇ ತುಂಬಿಸಿದ್ದೆವು, ಉಳಿಸಿಕೊಂಡವು ಸೀರೆ ಬಂದಿದ್ದ ರಟ್ಟಿನ ಡಬ್ಬದಲ್ಲಿದ್ದವು. ಸಲೂನಿನಿಂದ ವಾಪಸ್ಸು ಬಂದ ಹಾಗೆ ನಾನೇ ಚೀಟಿ ಅಂಟಿಸಿ ಸಾಲಾಗಿ ಜೋಡಿಸಿದ್ದೆ. ಅಂದು ಮಧ್ಯಾಹ್ನ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಮೊದಲನೆಯದನ್ನು ಹಾಕಿದೆ. ಗೌಡಜ್ಜ ಮಾತಾಡಿದರು. ಟಪ್ ಎಂದು ಒಂದು ಸಣ್ಣ ಸದ್ದು. ಸೊಪ್ಪಿನವಳು. ಟಪ್. ಬಸ್ ಸ್ಟಾಪಿನ ಕಡಲೆಕಾಯಿಯವನು. ಟಪ್. ಒಂದು ಧ್ವನಿ ಮುಗಿದಲ್ಲಿ ಇನ್ನೊಂದು ಶುರು. ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ.

ಎರಡನೆಯದೂ ಹಾಗೇ, ಹತ್ತನೆಯದೂ ಹಾಗೇ. ಸೋಮವಾರ ಶಾಲೆಯಿಂದ ಬಂದು ಮತ್ತೆ ಕೂತೆ. ಮಂಗಳವಾರವೂ ಕೂತೆ. ನಾಲ್ಕು ದಿನ ನನ್ನ ಮನೆ ತುಂಬ ಜನ. ಕೆಲವರು ಬೀದಿಯಲ್ಲಿ ಇನ್ನೂ ಓಡಾಡುತ್ತಿದ್ದವರು, ಕೆಲವರು ಸತ್ತು ಹೋದವರು. ಒಂದರಲ್ಲಿ ಅಮ್ಮ ಇದ್ದಳು. ಅಮ್ಮ ತೀರಿಕೊಂಡ ವರ್ಷ ಒಂದೇ ಒಂದು ಸಲ ಅವಳ ಧ್ವನಿ ಮಾಡಿದ್ದ, ಆಮೇಲೆ ಮಾಡಬೇಡ ಎಂದು ನಾನೇ ಬೇಡಿಕೊಂಡಿದ್ದೆ. ಅನ್ನಕ್ಕಿಟ್ಟು ಟಿವಿ ಮುಂದೆ ಕೂರಬೇಡ ಕಣೇ, ತಳ ಹತ್ತುತ್ತೆ ಎಂದಳು. ಅಡುಗೆಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಆದರೂ ಎದ್ದು ಹೋಗಿ ನೋಡಿಬಂದೆ. ಇನ್ನೊಂದರಲ್ಲಿ ನಾನು ಇದ್ದೆ, ಮೂಗಿನಿಂದ ಮಾತಾಡುತ್ತಾ. ನಾನು ಎಂದೂ ಆಡದ ಮಾತನ್ನು ಆಡುತ್ತಿದ್ದೆ. ಅವನು ಹೇಳಿದ್ದು ಸರಿಯಾಗಿತ್ತು, ನಾನು ಹಾಗೇ ಮಾತಾಡುತ್ತೇನೆ.

ಇಪ್ಪತ್ತರ ಮೇಲೆ ಕೇಳಿದ ಮೇಲೆ ನನಗೆ ನನ್ನ ಕೆಲಸ ಅರ್ಥವಾಯಿತು. ಅವನು ಅವನಾಗಿ ಮಾತಾಡಿದ್ದೆಲ್ಲ ಆ ಟಪ್ ಎನ್ನುವ ಸದ್ದಿನ ಒಳಗೆ ಹೋಗಿತ್ತು. ಬೆರಳಿಟ್ಟು ಕೂತಿದ್ದವಳು ನಾನು. ಒಮ್ಮೆ ಮಾತ್ರ ಕೈ ತಡವಾಗಿತ್ತು. ಗೌಡಜ್ಜನ ಮಾತು ಮುಗಿದು, ಅವನು ನಕ್ಕು, ಅಕ್ಕ ನೀರು ಕೊಡೇ ಎಂದದ್ದು ಟೇಪಿನಲ್ಲಿ ಸೇರಿಬಿಟ್ಟಿತ್ತು. ನಾನು ಹಿಂದಕ್ಕೆ ತಿರುಗಿಸಿ ಅಳಿಸಲು ಹೋದೆ.

"ಇರ್ಲಿ ಬಿಡೇ ಅಕ್ಕ," ಎಂದಿದ್ದ. "ಅದೇನ್ ಕಚ್ಚುತ್ತಾ?"

"ಕಸ ಯಾಕೋ ಬೇಕು ಅದ್ರಲ್ಲಿ," ಎಂದು ಅಳಿಸಿದ್ದೆ. ಅಳಿಸಿ, ಸರಿಯಾಗಿ ಹೋಗಿದೆಯೇ ಎಂದು ಎರಡು ಸಲ ಹಾಕಿ ನೋಡಿದ್ದೆ.

ಈ ಮಾತುಗಳನ್ನು ಬರೆಯುವಾಗ ಅವನು ಹೇಳಿದ್ದು ನನಗೆ ಅಕ್ಷರವಾಗಿ ಗೊತ್ತಿದೆ. ಕಿವಿಗೆ ಮಾತ್ರ ಕೇಳಿಸುವುದಿಲ್ಲ.

ಕ್ಯಾಸೆಟ್ಟಿನಲ್ಲಿ ಇಲ್ಲದಿದ್ದರೆ ಬೇರೆ ಕಡೆ ಇರಬೇಕಲ್ಲ ಎಂದು ಹುಡುಕಿದೆ. ಹೆಗ್ಗನಹಳ್ಳಿಯಲ್ಲಿ ದೊಡ್ಡಪ್ಪನ ಮಗಳ ಮದುವೆಯಾದಾಗ ವಿಡಿಯೋ ತೆಗೆಸಿದ್ದರು. ಅಲ್ಲಿಗೆ ಹೋಗಿ ಸಿಡಿ ಹಾಕಿಸಿಕೊಂಡು ನೋಡಿದೆ. ಊಟದ ಪಂಕ್ತಿಯಲ್ಲಿ ಅವನು ಇದ್ದ. ಎಲೆಯ ಮುಂದೆ ಕೂತು ಪಕ್ಕದವರ ಜೊತೆ ಕೈಯಾಡಿಸಿ ಮಾತಾಡುತ್ತಿದ್ದ. ಕ್ಯಾಮೆರಾ ಕಡೆ ತಿರುಗಿ ಏನೋ ಹೇಳಿದ, ಅರ್ಧ ನಿಮಿಷ ಹೇಳಿದ, ಸುತ್ತ ಕೂತವರೆಲ್ಲ ನಕ್ಕರು. ಆದರೆ ವಿಡಿಯೋದವರು ಎಲ್ಲ ಮದುವೆಗಳಿಗೂ ಹಾಕುವಂತೆ ಅದರ ಮೇಲೆ ಒಂದು ಹಾಡು ಹಾಕಿದ್ದರು. ಅವನ ತುಟಿ ಆಡುತ್ತಿತ್ತು, ಯಾವುದೋ ಹೆಣ್ಣುಮಗಳು ಹಾಡುತ್ತಿದ್ದಳು. ದೊಡ್ಡಪ್ಪನ ಮಗಳು ನನ್ನ ಮುಖ ನೋಡಿ ಟಿವಿ ಆರಿಸಲು ಬಂದಳು. ಬೇಡ ಎಂದೆ. ಮೂರು ಸಲ ನೋಡಿದೆ. ಏನು ಹೇಳುತ್ತಿದ್ದಾನೆ ಎಂದು ತುಟಿಯಿಂದ ತಿಳಿಯಲು ಪ್ರಯತ್ನಿಸಿದೆ.

ಆ ವಿಡಿಯೋ ತೆಗೆದವರ ಅಂಗಡಿ ಆರ್‌ಪಿಸಿ ಲೇಔಟ್‌ನಲ್ಲಿತ್ತು. ಹಾಡು ಹಾಕುವ ಮೊದಲಿನ ಟೇಪು ಇದೆಯೇ ಎಂದು ಕೇಳಲು ಹೋದೆ. ಅಂಗಡಿಯವರು ಒಳ್ಳೆಯವರು, ಕೂರಿಸಿ, ಹುಡುಕಿಯೂ ನೋಡಿದರು. ಅದರ ಮೇಲೆ ಆಗಲೇ ಎರಡು ಮದುವೆ ಮತ್ತು ಒಂದು ನಾಮಕರಣ ಆಗಿಹೋಗಿತ್ತು. ಆರ್ಕೆಸ್ಟ್ರಾದವರ ಬಳಿ ಒಂದು ಗಣೇಶನ ಹಬ್ಬದ ಕಾರ್ಯಕ್ರಮದ ಸಿಡಿ ಇತ್ತು. ಅದರಲ್ಲಿ ಅವನು ಸ್ಟೇಜಿಗೆ ಬರುವಾಗಲೇ ಗೌಡಜ್ಜನಾಗಿ ಬಂದು, ಹೋಗುವಾಗ ಬಸ್ ಕಂಡಕ್ಟರ್ ಆಗಿ ಹೋಗುತ್ತಾನೆ. ಕಾರ್ಖಾನೆಯಲ್ಲಿ ಕೇಳಿದೆ. ಅಲ್ಲಿ ಲೇತ್ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ ಎಂದರು.

ಕೊನೆಗೆ ಕೊನೆಯ ಕ್ಯಾಸೆಟ್ಟನ್ನೇ ಕಿವಿಗೆ ಹತ್ತಿರ ಇಟ್ಟು ಕೇಳುತ್ತಿದ್ದಾಗ ಒಂದು ಕಡೆ ಏನೋ ಸಿಕ್ಕಿತು. ಗೌಡಜ್ಜನ ಮಾತು ಶುರುವಾಗುವ ಮೊದಲು ಒಂದು ಉಸಿರು. ಒಳಗೆ ಎಳೆದುಕೊಂಡ ಒಂದು ಸಣ್ಣ ಉಸಿರು, ಅಷ್ಟೇ. ನಾನು ಆ ಶನಿವಾರ ಬೆರಳನ್ನು ಸ್ವಲ್ಪ ಬೇಗ ಬಿಟ್ಟಿರಬೇಕು. ಎಷ್ಟು ಸಲ ಹಿಂದೆ ತಿರುಗಿಸಿ ಕೇಳಿದೆನೋ ಗೊತ್ತಿಲ್ಲ. ಮಾತಲ್ಲ, ಆದರೂ ಅವನದು. ಟೇಪ್‌ರೆಕಾರ್ಡರನ್ನೇ ಎತ್ತಿಕೊಂಡು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಸಲೂನಿಗೆ ಹೋದೆ. ಅದರ ಒಳಗೆ ನಾನು ಹಿಂದೆಂದೂ ಕಾಲಿಟ್ಟಿರಲಿಲ್ಲ. ಗೋಡೆಯ ಎರಡೂ ಕಡೆ ಕನ್ನಡಿ, ಒಂದರೊಳಗೊಂದು ಸಾಲಾಗಿ ನಾನು ನಿಂತಿದ್ದೆ.

ಸಲೂನಿನವನು ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ಹಾಕಿ ಎಂದ. ಆಮೇಲೆ ಬಾಚಣಿಗೆ ಒರೆಸಿಟ್ಟ.

"ಅದು ಗೌಡಜ್ಜನ ಉಸಿರು ಅಕ್ಕ," ಎಂದ. "ದಮ್ಮಿರೋರು ಹಂಗೇ ಎಳೀತಾರೆ. ಅವ್ನು ಉಸಿರನ್ನೂ ಮಾಡ್ತಿದ್ದ."

ನಾನು ಜಗಳ ಮಾಡಲಿಲ್ಲ. ಅವನಿಗೆ ಗೌಡಜ್ಜನ ಗಂಟಲು ಗೊತ್ತು, ಇಪ್ಪತ್ತು ವರ್ಷ ಆ ಕತ್ತಿನ ಹತ್ತಿರ ಕಿವಿಯಿಟ್ಟು ಶೇವ್ ಮಾಡಿದವನು.

ತಂಡದಲ್ಲಿ ಇನ್ನೊಬ್ಬರು ಮಿಮಿಕ್ರಿಯವರಿದ್ದರು, ಬಸವೇಶ್ವರನಗರದವರು, ಐವತ್ತು ದಾಟಿದವರು. ತಮ್ಮನಿಗೂ ಅವರಿಗೂ ಒಳಗೊಳಗೇ ಪೈಪೋಟಿ. ನಾನು ಹುಡುಕುತ್ತಿರುವುದು ಅವರ ಕಿವಿಗೆ ಬಿದ್ದು, ಒಂದು ಭಾನುವಾರ ಬೆಳಿಗ್ಗೆ ಮನೆಗೆ ಬಂದರು. ಸಲೂನಿನವನೂ ಜೊತೆಗೆ ಬಂದ. ಮಹಡಿಯ ಗದಗಿನವರ ಹೆಂಡತಿ ಮೆಟ್ಟಿಲಿನ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದಳು. ಮಿಮಿಕ್ರಿಯವರು ಕಾಫಿ ಕುಡಿದು ಲೋಟ ಕೆಳಗಿಟ್ಟರು. ಬಹಳ ಸಂಕೋಚದಿಂದ, ತಪ್ಪು ತಿಳಿಯಬೇಡಿ ಎಂದು ಎರಡು ಸಲ ಹೇಳಿದರು.

"ನಿಮ್ಮ ತಮ್ಮನ ಧ್ವನಿ ನನ್ಹತ್ರ ಇದೆ ಅಮ್ಮ. ಅವನಿಗೆ ಗೊತ್ತಿಲ್ದಂಗೆ ಕಲ್ತಿದ್ದೆ, ಒಂದಿನ ಸ್ಟೇಜ್ ಮೇಲೆ ಕಾಲೆಳೆಯೋಣ ಅಂತ. ಮಾಡ್ಲಾ?"

ನಾನು ಆಗಲಿ ಎಂದು ತಲೆಯಾಡಿಸಿದೆ. ಏನು ಹೇಳಲಿ ಎಂದು ಕೇಳಿದರು. ಏನಾದರೂ ಹೇಳಿ ಎಂದೆ. ಅವರು ಗೋಡೆಯ ಕಡೆ ತಿರುಗಿ ಕೂತರು. ನಾನು ಅವರ ಮುಖ ನೋಡದಿರಲಿ ಎಂದು ಹಾಗೆ ಮಾಡಿರಬೇಕು.

"ಇವತ್ತು ಸಾರಿಗೆ ಏನ್ ಹಾಕಿದೀಯಕ್ಕ, ಘಮ ಬೀದಿಗ್ ಬರ್ತಾ ಇದೆ."

ಮೆಟ್ಟಿಲಿನ ಮೇಲೆ ಮೊರದ ಸದ್ದು ನಿಂತಿತು. ಗದಗಿನವರ ಹೆಂಡತಿ ಎದ್ದು ನಿಂತು ಸೆರಗು ಬಾಯಿಗೆ ಹಿಡಿದಿದ್ದಳು. ಸಲೂನಿನವನು ಬಾಗಿಲಿಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತುಬಿಟ್ಟ. ಅವನೇ, ಅವನೇ ಬಂದಂಗಾಯ್ತು ಎಂದು ಅವನು ಆಮೇಲೆ ಎಲ್ಲರಿಗೂ ಹೇಳಿದ.

ಮಿಮಿಕ್ರಿಯವರು ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲೂ ನೀರಿತ್ತು. ಆದರೂ ಕಸುಬಿನವರು ಕೇಳುವ ಹಾಗೆಯೇ ಕೇಳಿದರು. "ಸರಿಯಾಗಿ ಬಂತಾ ಅಮ್ಮ?"

ಹೌದು ಎನ್ನಬಹುದಿತ್ತು, ಅವರಿಗೆ ಸಮಾಧಾನವಾಗುತ್ತಿತ್ತು. ಇಲ್ಲ ಎನ್ನಲೂ ನನಗೆ ಆಧಾರವಿರಲಿಲ್ಲ. ನನಗೆ ಕೇಳಿಸಿದ್ದು ಒಬ್ಬ ಗಂಡಸಿನ ಧ್ವನಿ, ಒಳ್ಳೆಯ ಧ್ವನಿ, ಅಕ್ಕ ಎಂದು ಕರೆಯುವುದು ಗೊತ್ತಿರುವ ಧ್ವನಿ. ಅದು ನನ್ನ ತಮ್ಮನದೇ ಎಂದು ಬೀದಿಯೆಲ್ಲ ಹೇಳಿತು. ಅವನನ್ನು ಎತ್ತಿ ಆಡಿಸಿದ ನನಗೆ ಮಾತ್ರ ಗುರುತು ಸಿಗಲಿಲ್ಲ.

"ಗೊತ್ತಾಗ್ಲಿಲ್ಲ ಸಾರ್," ಎಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಕೊಡಲೇ, ಮತ್ತೆ ಮತ್ತೆ ಕೇಳಿದರೆ ಗೊತ್ತಾಗಬಹುದು ಎಂದರು. ಬೇಡ ಎಂದು ಕೈಮುಗಿದೆ. ಅದನ್ನು ದಿನಾ ಕೇಳಿದರೆ ಮುಂದೆ ಅದೇ ಅವನದಾಗಿಬಿಡುತ್ತದೆ, ನಿಜವಾದದ್ದು ಎಂದಾದರೂ ನೆನಪಿಗೆ ಬಂದರೂ ನನಗೆ ತಿಳಿಯುವುದಿಲ್ಲ ಎಂದು ಭಯವಾಯಿತು. ಆ ಭಯ ಇಂದಿಗೂ ಇದೆ. ಅವರನ್ನು ಗೇಟಿನವರೆಗೆ ಕಳಿಸಿ ಬಂದೆ.

ಡಬ್ಬದಲ್ಲಿ ಮೂವತ್ತೊಂದು ಕ್ಯಾಸೆಟ್ಟುಗಳಿವೆ. ಗೌಡಜ್ಜ ಹೋದ ವರ್ಷ ತೀರಿಕೊಂಡರು, ಅವರ ಮಕ್ಕಳು ಬಂದು ಒಂದನ್ನು ಕೇಳಿಸಿಕೊಂಡು ಹೋದರು. ಸೊಪ್ಪಿನವಳು ಇದ್ದಾಳೆ, ಗದಗಿನವರು ಇದ್ದಾರೆ, ಅಮ್ಮ ಇದ್ದಾಳೆ, ನಾನೂ ಇದ್ದೇನೆ. ತಮ್ಮ ತನ್ನದೇ ಧ್ವನಿಯಲ್ಲಿ ಆಡಿದ ಒಂದು ಮಾತೂ ಇಲ್ಲ.